ವರದಿಯಮ್ಮನ ಚೀಟಿಯಲ್ಲಿದ್ದ ಮಾವ

ಆಸ್ಪತ್ರೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ವಾರ್ಡಿನ ನರ್ಸುಗಳಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರ ಬಾಯಲ್ಲೂ ಅವಳು ವರದಿಯಮ್ಮ. ರಕ್ತ ಪರೀಕ್ಷೆಯ ವರದಿ ಬೇಕಾದವರು ಮೊದಲ ಮಹಡಿಯ ಓಣಿಯ ಕೊನೆಗೆ ಹೋಗಿ ಅಲ್ಲಿದ್ದ ಸಣ್ಣ ಕಿಟಕಿಯೊಳಗೆ ಕೈ ಚಾಚಬೇಕು. ಚಾಚಿದ ಕೈಗೆ ಹಾಳೆ ಬರುತ್ತದೆ. ಹಾಗೆ ಚಾಚಿದ ಕೈಗಳನ್ನೇ ನೋಡುತ್ತ ಅವಳಿಗೆ ಇಪ್ಪತ್ತೊಂಬತ್ತು ವರ್ಷ ಕಳೆದಿತ್ತು. ಮುಖ ಕಾಣದಿದ್ದರೂ ಉಗುರಿನ ಬಣ್ಣ ನೋಡಿಯೇ ‘ಇವರಿಗೆ ರಕ್ತ ಕಡಿಮೆ’ ಎಂದು ಮನಸ್ಸಿನಲ್ಲಿ ಅಂದುಕೊಂಡು, ಹಾಳೆ ಬಂದ ಮೇಲೆ ಸರಿಯೋ ತಪ್ಪೋ ಎಂದು ನೋಡಿಕೊಳ್ಳುವುದು ಅವಳಿಗೊಂದು ಆಟವಾಗಿತ್ತು.

ಆ ಕೋಣೆಯೇನೂ ಹೇಳಿಕೊಳ್ಳುವಂಥದಲ್ಲ. ಹನ್ನೆರಡು ಅಡಿ ಉದ್ದ, ಏಳು ಅಡಿ ಅಗಲ. ಗೋಡೆಯ ಆಚೆಗೆ ಕತ್ತರಿ ಚಿಮುಟಗಳನ್ನು ಹಬೆಯಲ್ಲಿ ಬೇಯಿಸುವ ಯಂತ್ರ ಇದ್ದುದರಿಂದ ಈಚೆಯ ಗೋಡೆ ವರ್ಷವಿಡೀ ಬೆಚ್ಚಗೆ. ಚಳಿ ಬಿದ್ದರೆ ಸಾಕು, ಲ್ಯಾಬಿನವರು ಏನಾದರೊಂದು ನೆಪ ಹೇಳಿಕೊಂಡು ಬಂದು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಪ್ರಿಂಟರು ಹಾಳೆ ಉಗುಳುವ ಮೊದಲು ಎರಡು ಸಲ ಕೆಮ್ಮುತ್ತಿತ್ತು. ಕುರ್ಚಿಯ ಒಂದು ಕಾಲು ಗಿಡ್ಡ. ಅದರ ಕೆಳಗೆ ಕೈಗವಸಿನ ಡಬ್ಬಿಯ ರಟ್ಟನ್ನು ಮಡಿಸಿಟ್ಟವಳು ಅವಳೇ.

ಸೇರಿದ್ದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಟೈಪಿಸ್ಟ್ ಆಗಿ. ಆಗ ಟೈಪ್‌ರೈಟರು. ಆಮೇಲೆ ಕಂಪ್ಯೂಟರು ಬಂತು, ಆದರೂ ಕೆಲಸ ಅದೇ: ರಕ್ತ ನೋಡುವ ಯಂತ್ರ ಕೊಟ್ಟ ಅಂಕಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ಬೆರಳಲ್ಲಿ ಕುಟ್ಟುವುದು. ದಿನಕ್ಕೆ ಇನ್ನೂರು ಹಾಳೆ. ಒಂದು ದಿನ ಯಂತ್ರ ರಿಪೇರಿಗೆ ಬರುತ್ತಿದ್ದ ಹಿರಿಯರೊಬ್ಬರು, ಎಲ್ಲರೂ ರಿಪೇರಿಯಣ್ಣ ಎನ್ನುತ್ತಿದ್ದವರು, ರಟ್ಟು ಕಿತ್ತುಹೋದ ದಪ್ಪ ಪುಸ್ತಕವೊಂದನ್ನು ಮರೆತು ಬಿಟ್ಟುಹೋದರು. ಪರ್ಲ್ ಎಂಬ ಭಾಷೆಯ ಪುಸ್ತಕ. ಮುಂದಿನ ಸಲ ಬಂದಾಗ ಅವಳು ಅದನ್ನು ಕೊಡಲು ಹೋದರೆ ಅವರು ಬೇಡವೆಂದು ಕೈ ಅಲ್ಲಾಡಿಸಿಬಿಟ್ಟರು. “ಇಟ್ಕೋಮ್ಮ. ನೀನು ಕೈಯಲ್ಲಿ ಕುಟ್ಟೋದನ್ನೆಲ್ಲ ಅದು ತಾನೇ ಕುಟ್ಟುತ್ತೆ. ಹೇಳಿಕೊಡೋ ತಾಳ್ಮೆ ಇರ್ಬೇಕು ಅಷ್ಟೇ.”

ತಾಳ್ಮೆಗೇನು, ಕೂಡುಕುಟುಂಬಕ್ಕೆ ಸೊಸೆಯಾಗಿ ಬಂದು ಆಗಲೇ ಆರು ವರ್ಷವಾಗಿತ್ತು.

ಅದೇನೂ ಬ್ರಹ್ಮವಿದ್ಯೆಯಲ್ಲ ಎಂದು ನಾಲ್ಕು ತಿಂಗಳಲ್ಲಿ ಅವಳಿಗೆ ತಿಳಿಯಿತು. ಹೊರಗೆ ಹೊರಟ ಹೆಂಗಸು ಅಡುಗೆ ಕಟ್ಟೆಯ ಮೇಲೆ ಚೀಟಿ ಬರೆದಿಡುವುದಿಲ್ಲವೇ: ಹಾಲು ಕಾಯಿಸಿ, ಉಕ್ಕುವ ಮೊದಲು ಒಲೆ ಆರಿಸಿ, ಒಡೆದಿದ್ದರೆ ಚೆಲ್ಲಿ, ಮುಚ್ಚಳ ಹಾಕಿ. ಕಂಪ್ಯೂಟರಿಗೂ ಅಂಥದೇ ಚೀಟಿ. ಮನೆಯವರು ಚೀಟಿಯಲ್ಲಿ ಇಲ್ಲದ್ದನ್ನೂ ಸ್ವಲ್ಪ ಊಹಿಸಿ ಮಾಡುತ್ತಾರೆ, ಇದು ಬರೆದದ್ದನ್ನಷ್ಟೇ ಮಾಡುತ್ತದೆ, ಅದೊಂದೇ ವ್ಯತ್ಯಾಸ. ಚೀಟಿ ಬರೆಯಲು ಒಂದು ಭಾಷೆ ಬೇಕು. ಆ ಭಾಷೆಯೇ ಪರ್ಲ್.

ಚೀಟಿಯ ಒಂದೊಂದು ಭಾಗಕ್ಕೂ ಒಂದೊಂದು ಹೆಸರು ಇಡಬೇಕಿತ್ತು. ಪುಸ್ತಕದಲ್ಲಿದ್ದವು ಅರ್ಥವಿಲ್ಲದ ಹೆಸರುಗಳು, ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಯಾರು ಏನು ಕೆಲಸ ಮಾಡುತ್ತಾರೆ ಎಂದು ಅವಳಿಗೆ ನಿದ್ದೆಗಣ್ಣಿನಲ್ಲೂ ಗೊತ್ತಿದ್ದದ್ದು ಮನೆಯೊಂದೇ. ಹಾಗಾಗಿ ಯಂತ್ರದ ಹತ್ತಿರ ಹೋಗಿ ಅಂಕಿಗಳನ್ನು ಹೊತ್ತು ತರುವ ಭಾಗಕ್ಕೆ ‘ಭಾವ’ ಎಂದು ಹೆಸರಿಟ್ಟಳು. ಮನೆಗೆ ಸಾಮಾನು ಹೊತ್ತು ತರುತ್ತಿದ್ದವರು ಅವರೇ. ತಂದದ್ದನ್ನೆಲ್ಲ ಒಂದೊಂದಾಗಿ ಎತ್ತಿ ನೋಡಿ, ಹದಿನಾಲ್ಕು ಇರಬೇಕಾದಲ್ಲಿ ನೂರ ನಲವತ್ತು ಬಂದಿದ್ದರೆ ‘ಇದೇನಿದು’ ಎಂದು ಹಿಂದಕ್ಕೆ ತಳ್ಳುವ ಭಾಗಕ್ಕೆ ‘ಅತ್ತೆ’. ತಪ್ಪು ಸಿಕ್ಕ ತಕ್ಷಣ ಹೋಗಿ ಡಾಕ್ಟರ ಪರದೆಯ ಮೇಲೆ ಊದುವ ಭಾಗ ‘ನಾದಿನಿ’. ಉಳಿದ ಚಾಕರಿಯೆಲ್ಲ, ಅಂಕಿ ಜೋಡಿಸುವುದು, ಹೆಸರು ಹಾಕುವುದು, ಹಾಳೆ ಅಚ್ಚು ಮಾಡುವುದು, ‘ಸೊಸೆ’. ನಮ್ಮ ಅಕ್ಷರ ಆ ಭಾಷೆಗೆ ಹಿಡಿಸುತ್ತಿರಲಿಲ್ಲವಾದ್ದರಿಂದ ಎಲ್ಲವನ್ನೂ ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಬರೆದಳು: ಎ, ಟಿ, ಟಿ, ಇ.

ಇನ್ನೊಬ್ಬರು ಉಳಿದಿದ್ದರು. ಆ ಯಂತ್ರ ಅಂಕಿಗಳನ್ನು ಎರಡು ಕಂತಿನಲ್ಲಿ ಕೊಡುತ್ತಿತ್ತು. ಕೆಂಪು ಬಿಳಿ ಕಣಗಳ ಲೆಕ್ಕ ಮೊದಲು. ಗಾಯವಾದರೆ ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಕಣಗಳ ಲೆಕ್ಕ ಆಮೇಲೆ. ಎಷ್ಟು ಆಮೇಲೆ ಎಂದು ಹೇಳುವ ಹಾಗಿಲ್ಲ, ಎರಡು ನಿಮಿಷವೂ ಆಗಬಹುದು, ಐದೂ ಆಗಬಹುದು. ಅಲ್ಲಿಯತನಕ ಯಾರಾದರೂ ಸುಮ್ಮನೆ ಕೂತಿರಬೇಕು. ಮಾವ ಹಾಗೇ ಇದ್ದರು. ಮನೆಯ ಕೊನೆಯ ಮನುಷ್ಯ ಒಳಗೆ ಬರುವ ತನಕ ಹೊಸಿಲ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದು, ಬಂದ ಮೇಲೆ ಒಂದು ಮಾತೂ ಆಡದೆ ಚಿಲಕ ಹಾಕಿಕೊಂಡು ಒಳಗೆ ಹೋಗುತ್ತಿದ್ದರು. ಚೀಟಿಯಲ್ಲಿ ಕಾಯುವ ಭಾಗಕ್ಕೆ ಅವಳು ‘ಮಾವ’ ಎಂದು ಬರೆದಳು. ಆ ಭಾಷೆಯಲ್ಲಿ ಕಾಯಲು ಹೇಳುವ ಶಬ್ದವೇ ‘ನಿದ್ದೆ ಮಾಡು’ ಎಂದಿತ್ತು.

ಮನೆಯಲ್ಲಿ ಇದನ್ನು ಹೇಳಿದಾಗ ಅತ್ತೆ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ಕೇಳಿದ್ದರು. “ನನಗೇನು ಕೆಲಸ ಕೊಟ್ಟಿದ್ದೀಯೇ?”

“ತಪ್ಪು ಹುಡುಕೋದು ಅತ್ತೆ.”

“ಅದಕ್ಕೆ ಯಂತ್ರ ಯಾಕೆ ಬೇಕಿತ್ತು, ನನ್ನನ್ನೇ ಕರ್ಕೊಂಡು ಹೋಗಿದ್ರೆ ಆಗ್ತಿತ್ತಲ್ಲ. ಇವರಿಗೆ?”

“ಮಾವನಿಗೆ… ನಿದ್ದೆ.”

“ಸರಿಯಾಗಿ ಆಳು ನೋಡಿ ಕೆಲಸ ಕೊಟ್ಟಿದ್ದೀಯ ಬಿಡು,” ಎಂದು ಅತ್ತೆ ನಕ್ಕರು. ಪೇಪರಿನ ಹಿಂದೆ ಮಾವನ ಹೆಗಲೂ ಕುಲುಕಿತ್ತು.

“ನನ್ನನ್ನು ಎಲ್ಲಿ ಹಾಕಿದ್ದೀಯ?” ಎಂದವನು ಅವಳ ಗಂಡ. ಬಸ್ ಡಿಪೋದಲ್ಲಿ ಬಸ್ಸುಗಳ ಹೊತ್ತು ಬರೆದುಕೊಳ್ಳುವ ಕೆಲಸ ಅವನದು.

“ನೀವೂ ಇದ್ದೀರಿ ರೀ. ನಾವು ನೆನಪಿಗೆ ಅಂತ ಬರ್ಕೊಂಡು, ಕಂಪ್ಯೂಟರು ಓದದೆ ದಾಟಿಕೊಂಡು ಹೋಗೋ ಸಾಲು ಅಂತ ಇರುತ್ತೆ, ಅದರಲ್ಲಿ.”

ಆ ಚೀಟಿ ಇಪ್ಪತ್ತೆರಡು ವರ್ಷ ಓಡಿತು. ಭಾವ ಬೇರೆ ಮನೆ ಮಾಡಿಕೊಂಡು ಹೋದರು, ಚೀಟಿಯಲ್ಲಿ ದಿನವೂ ಅಂಕಿ ಹೊತ್ತು ತಂದರು. ನಾದಿನಿ ಮದುವೆಯಾಗಿ ಹೋದಳು, ಚೀಟಿಯಲ್ಲಿ ಊದುತ್ತಲೇ ಇದ್ದಳು. ಒಂಬತ್ತು ವರ್ಷದ ಹಿಂದೆ ಮಾವ ತೀರಿಕೊಂಡರು. ಹದಿನಾಲ್ಕನೆಯ ದಿನ ಕೆಲಸಕ್ಕೆ ಮರಳಿದ ವರದಿಯಮ್ಮ ಮೊದಲ ಹಾಳೆಗೆ ಗುಂಡಿ ಒತ್ತಿ, ಪರದೆಯ ಮೇಲೆ ‘ಮಾವ ಕಾಯುತ್ತಿದ್ದಾರೆ’ ಎಂದು ಇಂಗ್ಲಿಷಿನಲ್ಲಿ ಬರೆದಿಟ್ಟ ತನ್ನದೇ ಸಾಲು ಕಂಡು, ಬೆಚ್ಚಗಿನ ಗೋಡೆಗೆ ಹಣೆ ಕೊಟ್ಟು ನಿಂತುಬಿಟ್ಟಳು. ಸಾಲನ್ನು ಅಳಿಸಲಿಲ್ಲ.

ಇಷ್ಟೆಲ್ಲ ಆದಮೇಲೆ, ಅವಳಿಗೆ ಐವತ್ತೆರಡು ತುಂಬಿದ ವರ್ಷ, ಕಂಪ್ಯೂಟರ್ ವಿಭಾಗಕ್ಕೆ ಹೊಸ ಮುಖ್ಯಸ್ಥರು ಬಂದರು. ಬಾಯಲ್ಲಿ ಒಂದು ಮಾತು ಹೇಳಬೇಕಾದರೂ ಗೋಡೆಯ ಮೇಲೆ ಹತ್ತು ಚಿತ್ರ ಬಿಟ್ಟು ತೋರಿಸುತ್ತಿದ್ದರು. ವಾರ ಕಳೆಯುವುದರೊಳಗೆ ಅವರಿಗೆ ಸ್ಲೈಡ್ ಸಾಹೇಬರು ಎಂದು ಹೆಸರು ಬಿತ್ತು. ಒಂದು ಮಧ್ಯಾಹ್ನ ಒಂಬತ್ತು ಜನರನ್ನು ಕೂರಿಸಿಕೊಂಡು ಫಾರಂ ಹಂಚಿದರು. ‘ಮುಂದೆ ಯಾವ ಸ್ಕ್ರಿಪ್ಟಿಂಗ್ ಭಾಷೆ ಕಲಿಯಲು ಬಯಸುತ್ತೀರಿ? ಒಂದನ್ನು ಮಾತ್ರ ಗುರುತಿಸಿ.’ ಕೆಳಗೆ ಪರ್ಲ್‌ನಂತೆಯೇ ಚೀಟಿ ಬರೆಯುವ ಮೂರು ಭಾಷೆಗಳ ಹೆಸರು: ಪೈಥಾನ್, ಜಾವಾಸ್ಕ್ರಿಪ್ಟ್, ರೂಬಿ. ಆರು ವಾರ ತರಗತಿ. ಆಸ್ಪತ್ರೆಯ ಹೊಸ ವ್ಯವಸ್ಥೆಗೆ ಹೊಂದುವ ಭಾಷೆ ಕಲಿತವರು ಇದ್ದ ಜಾಗದಲ್ಲೇ ಇರುತ್ತಾರೆ. ಮಿಕ್ಕವರು ನೆಲಮಾಳಿಗೆಯ ಹಳೆಯ ಕಡತಗಳ ವಿಭಾಗಕ್ಕೆ.

ವರದಿಯಮ್ಮ ಎದ್ದು ನಿಂತಳು. “ಸಾರ್, ಹೊಸ ವ್ಯವಸ್ಥೆಗೆ ಯಾವ ಭಾಷೆ ಹೊಂದುತ್ತೆ?”

“ಒಳ್ಳೆ ಪ್ರಶ್ನೆ ಮೇಡಂ. ಅದನ್ನು ಆಮೇಲೆ ತೀರ್ಮಾನ ಮಾಡ್ತೀವಿ.”

“ತೀರ್ಮಾನ ಆಮೇಲೆ ಅಂದ್ರೆ, ನಾವು ಈಗ್ಲೇ ಹೇಗೆ ಸಾರ್ ಆರಿಸೋದು?”

“ನಿಮ್ಮ ಆಸಕ್ತಿ ನೋಡ್ಕೊಂಡು.” ಹಾಗೆಂದು ಮುಂದಿನ ಚಿತ್ರಕ್ಕೆ ಹೋದರು. ಅದರಲ್ಲಿ ಬಾಣದ ಗುರುತೊಂದು ಮೇಲಕ್ಕೆ ಹೋಗುತ್ತಿತ್ತು.

ಅವಳಿಗೆ ಆಸಕ್ತಿ ಇದ್ದದ್ದು ಒಂದೇ: ಆ ಬೆಚ್ಚಗಿನ ಗೋಡೆಯ ಕೋಣೆ, ಮತ್ತು ತನ್ನ ಚೀಟಿ ತನ್ನ ಕೈಯಲ್ಲೇ ಇರುವುದು. ಫಾರಂ ಕೊಡಲು ಹನ್ನೆರಡು ದಿನ ಗಡುವು. ಕಣ್ಣು ಕಟ್ಟಿ ಮೂರು ಬಾಗಿಲ ಮುಂದೆ ನಿಲ್ಲಿಸಿದಂತಾಯಿತು. ಯಾವ ಬಾಗಿಲ ಹಿಂದೆ ನೆಲಮಾಳಿಗೆ ಎಂದು ನಿಲ್ಲಿಸಿದವರಿಗೂ ಗೊತ್ತಿಲ್ಲ.

ಊಟದ ಹೊತ್ತಿಗೆ ಫಾರಂ ಮನೆಯವರ ಕೈಯಿಂದ ಕೈಗೆ ಹೋಯಿತು. ಅತ್ತೆಗೆ ಎಂಬತ್ತೊಂದು, ಕಿವಿ ಸ್ವಲ್ಪ ಮಂದ, ನಾಲಿಗೆ ಮೊದಲಿನಂತೆಯೇ.

“ಪೈಥಾನ್ ಅಂದ್ರೆ?”

“ಹೆಬ್ಬಾವು ಅತ್ತೆ.”

“ಅಯ್ಯೋ. ಅದು ರೂಬಿ?”

“ಮಾಣಿಕ್ಯ.”

“ಈಗ ನಿನ್ನ ಹತ್ರ ಇರೋ ಪರ್ಲ್ ಅಂದ್ರೆ ಮುತ್ತು ಅಂತಿದ್ದೆ. ಮುತ್ತು ಇದ್ದೋಳಿಗೆ ಮಾಣಿಕ್ಯ ಸೇರಿದ್ರೆ ಜೊತೆಯಾಗುತ್ತೆ. ಹಾವು ತಗೊಂಡು ಕೊರಳಿಗೆ ಹಾಕ್ಕೊಳ್ತೀಯಾ? ನಡುವಿಂದು ಏನು?”

“ಅದರಲ್ಲಿ ಅರ್ಧ, ಜಾವಾ ಅನ್ನೋದು, ಕಾಫಿ ಹೆಸರಂತೆ.”

“ಕುಡಿಯೋಕಾದ್ರೂ ಆಗುತ್ತೆ.”

ಗಂಡ ಫಾರಂ ತಿರುಗಿಸಿ ಹಿಂಭಾಗ ನೋಡಿದ. “ಮೂರು ಹೆಸರು ಬರೆದು ಚೀಟಿ ಎತ್ತಿಬಿಡು. ಯಾವ್ದಾದ್ರೇನು, ನಾಳೆ ಅದನ್ನೂ ಬದಲಾಯಿಸ್ತಾರೆ.”

“ನಿಮಗೆ ಹೇಳೋಕೆ ಸುಲಭ ರೀ. ಬಸ್ಸು ತಡವಾಗಿ ಬಂದ್ರೆ ತಡ ಅಂತ ಬರ್ಕೊಂಡ್ರಾಯ್ತು.”

“ಬಸ್ಸಿನ ಮಾತು ಎತ್ತಬೇಡ,” ಎಂದವನು ಮೊಸರು ಕಲಸಿಕೊಂಡ. ಅವಳ ಕಷ್ಟ ಅವನಿಗೆ ತಿಳಿಯದೇ ಇರಲಿಲ್ಲ. ಫಾರಂಗೆ ಮೊಸರು ತಾಗದಂತೆ ಎತ್ತಿ ಅವಳ ಪಕ್ಕಕ್ಕೆ ಇಟ್ಟ.

ಭಾನುವಾರ ಅಕ್ಕನ ಮಗಳ ಮನೆಗೆ ಹೋದಳು. ಅಂಗಡಿಗಳವರಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗಿ ಅವಳು. “ಚಿಕ್ಕಮ್ಮ, ಕಣ್ಣು ಮುಚ್ಕೊಂಡು ಜಾವಾಸ್ಕ್ರಿಪ್ಟ್ ಹಾಕಿ,” ಎಂದು ತನ್ನ ಕಂಪ್ಯೂಟರನ್ನೇ ಮುಂದೆ ದೂಡಿದಳು. ವರದಿಯಮ್ಮ ಕಡತವೊಂದರಿಂದ ಒಂದು ಎಂಬ ಅಂಕಿ ಓದಿಸಿ, ಅದಕ್ಕೆ ಇನ್ನೊಂದು ಒಂದನ್ನು ಕೂಡು ಎಂದು ಬರೆದಳು. ಪರದೆ ಹನ್ನೊಂದು ಎಂದಿತು.

“ಇದೇನೇ, ಒಂದಕ್ಕೆ ಒಂದು ಸೇರಿದ್ರೆ ಹನ್ನೊಂದಾ?”

“ಅದನ್ನು ಅಕ್ಷರ ಅಂದ್ಕೊಂಡು ಪಕ್ಕಪಕ್ಕ ಇಟ್ಟಿದೆ ಚಿಕ್ಕಮ್ಮ. ಇದು ಅಂಕಿ ಅಂತ ನೀವೇ ಹೇಳ್ಬೇಕು. ರೂಢಿ ಆಗುತ್ತೆ.”

“ನಿನ್ನ ಅಂಗಡಿಯವರು ಹನ್ನೊಂದು ಅಂದ್ರೆ ನಗ್ತಾರೆ. ನನ್ನ ಕಿಟಕಿ ಹತ್ರ ಬರೋರು ಅಳ್ತಾರೆ ಕಣೇ.”

ಮರುದಿನ ರಿಪೇರಿಯಣ್ಣನಿಗೆ ಫೋನು ಮಾಡಿದಳು. ಅವರು ನಿವೃತ್ತರಾಗಿ, ಈಗ ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. “ರೂಬಿ ಕಣಮ್ಮ, ರೂಬಿ. ಎಲ್ಲರೂ ಈಗ ಅದನ್ನೇ ಅಂತಿದ್ದಾರೆ.” ಹಾಗೆಂದವರೇ, “ಈಗ ಅಂದ್ರೆ… ನಾನು ಕೇಳಿದ್ದು ಹದಿನೈದು ವರ್ಷದ ಹಿಂದೆ ಇರ್ಬೇಕು,” ಎಂದರು. ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಅವರು ಅಂದರು: “ನಾನು ಆ ಪುಸ್ತಕ ಬಿಟ್ಟು ಬರಬಾರ್ದಿತ್ತೇನೋ ನಿನ್ನ ಹತ್ರ.”

“ಹಾಗನ್ಬೇಡಿ ಅಣ್ಣ,” ಎಂದಳು.

ಉಳಿದ ದಿನಗಳಲ್ಲಿ ಅವಳು ಮೂರನ್ನೂ ತಾನೇ ಮುಟ್ಟಿ ನೋಡಿದಳು. ರೂಬಿಗೆ ಅದೇ ಒಂದು ಕೊಟ್ಟು ಕೂಡು ಎಂದಳು. ಅದು ಅಕ್ಷರಕ್ಕೆ ಅಂಕಿ ಸೇರಿಸುವುದಿಲ್ಲ ಎಂದು ಜಗಳಕ್ಕೆ ಬಂತು. ಪೈಥಾನೂ ಜಗಳಕ್ಕೆ ಬಂತು. ಅವಳಿಗೆ ಸಮಾಧಾನವಾಯಿತು. ಸುಳ್ಳು ಲೆಕ್ಕ ಕೊಟ್ಟು ಸುಮ್ಮನಿರುವವರಿಗಿಂತ ಜಗಳವಾಡುವವರು ವಾಸಿ ಎಂದು ಅತ್ತೆಯ ಜೊತೆ ಬಾಳಿದವಳಿಗೆ ಗೊತ್ತಿರದೆ ಇನ್ಯಾರಿಗೆ? ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದಾಗ ಅವಳ ಟೈಪಿಂಗ್ ಕಲಿತ ಬೆರಳುಗಳು ತೀರ್ಮಾನ ಮಾಡಿದವು. ಪೈಥಾನಿನಲ್ಲಿ ಸಾಲಿನ ಅಂಚು ಒಂದೇ ನೇರದಲ್ಲಿ ಇರಲೇಬೇಕು. ಒಂದು ಕೂದಲಷ್ಟು ಆಚೆ ಈಚೆಯಾದರೆ ಮುಂದಕ್ಕೇ ಹೋಗುವುದಿಲ್ಲ. ಟೈಪಿಂಗ್ ತರಗತಿಯ ಟೀಚರು ಅಂಚು ಸೊಟ್ಟಗಾದರೆ ಸ್ಕೇಲಿನಿಂದ ಗೆಣ್ಣಿಗೆ ಹೊಡೆಯುತ್ತಿದ್ದರು. ಮೂವತ್ತು ವರ್ಷದ ಮೇಲೆ ಯಾರೋ ಮತ್ತೆ ಅಂಚು ಕೇಳಿದರು ಎಂದು ಅವಳಿಗೆ ಒಳಗೊಳಗೇ ಹಿಗ್ಗು.

ಹನ್ನೆರಡನೆಯ ದಿನ ಫಾರಂನಲ್ಲಿ ಪೈಥಾನ್ ಎಂಬುದರ ಮುಂದೆ ಗುರುತು ಹಾಕಿ ಕೊಟ್ಟಳು. ಗುರುತು ಚೌಕದಿಂದ ಸ್ವಲ್ಪ ಹೊರಗೆ ಹೋಯಿತು. ಅದನ್ನೂ ತಪ್ಪೆಂದು ತಳ್ಳಿಬಿಡುತ್ತಾರೇನೋ ಎಂದು ಇಡೀ ವಾರ ತಲೆ ಕೆಡಿಸಿಕೊಂಡಳು.

ಆರು ವಾರ ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಪೈಥಾನ್ ತರಗತಿ. ಔಷಧಿ ಕೊಡುವ ವಿಭಾಗದ ಇಬ್ಬರು, ಎಕ್ಸ್‌ರೇ ವಿಭಾಗದ ಒಬ್ಬರು, ಇವಳು. ಕಲಿಸುವವನು ಕೊಟ್ಟ ಲೆಕ್ಕಗಳನ್ನು ಮಾಡಿ ಮುಗಿಸಿ ಅವಳು ತನ್ನ ಹಳೆಯ ಚೀಟಿಯನ್ನು ಹೊಸ ಭಾಷೆಗೆ ಇಳಿಸತೊಡಗಿದಳು. ಮೊದಲ ವಾರ ಭಾವನನ್ನು ದಾಟಿಸಿದಳು. ಎರಡನೆಯ ವಾರ ನಾದಿನಿ. ಅತ್ತೆಯನ್ನು ದಾಟಿಸಲು ಎರಡು ವಾರ ಹಿಡಿಯಿತು. ಇಪ್ಪತ್ತೆರಡು ವರ್ಷದಲ್ಲಿ ಅತ್ತೆ ಕಂಡುಹಿಡಿದಿದ್ದ ತಪ್ಪುಗಳ ಪಟ್ಟಿ ಅಷ್ಟು ಉದ್ದವಿತ್ತು. ಸೊಸೆಗೆ ಒಂದು ವಾರ. ಕೊನೆಯ ವಾರ ಮಾವ. ಹೊಸ ಭಾಷೆಯಲ್ಲೂ ಕಾಯುವುದಕ್ಕೆ ನಿದ್ದೆ ಎಂದೇ ಇತ್ತು. ಮನೆಗೆ ಬಂದು ಅತ್ತೆಯ ಕಿವಿಯ ಹತ್ತಿರ ಬಾಗಿ ಹೇಳಿದಳು. “ಎಲ್ಲರೂ ಆ ಕಡೆಗೆ ಬಂದ್ರು ಅತ್ತೆ. ಮಾವನೂ ಬಂದ್ರು.”

“ಎದ್ದು ಬಂದ್ರಾ, ಹೊತ್ಕೊಂಡು ಬಂದ್ಯಾ?” ಎಂದರು ಅತ್ತೆ.

ಪರೀಕ್ಷೆಯಲ್ಲಿ ಅವಳಿಗೆ ನೂರಕ್ಕೆ ತೊಂಬತ್ತೊಂದು ಬಂತು. ಅವಳ ಜೀವಮಾನದಲ್ಲಿ ಯಾವ ಪರೀಕ್ಷೆಯಲ್ಲೂ ಅಷ್ಟು ಬಂದಿರಲಿಲ್ಲ.

ಅದಾಗಿ ನಾಲ್ಕನೆಯ ದಿನ ಲಿಫ್ಟಿನ ಪಕ್ಕದ ಬೋರ್ಡಿಗೆ ನೋಟೀಸು ಬಿತ್ತು. ಆಸ್ಪತ್ರೆ ಹೊರಗಿನ ಕಂಪನಿಯೊಂದರಿಂದ ಸಿದ್ಧಪಡಿಸಿದ ವ್ಯವಸ್ಥೆಯನ್ನು ಕೊಳ್ಳುತ್ತಿದೆ. ಅದಕ್ಕೆ ಅದರದ್ದೇ ಭಾಷೆ. ಕಂಪನಿಯವರು ಬಿಟ್ಟು ಬೇರೆಯವರು ಮುಟ್ಟುವ ಹಾಗಿಲ್ಲ. ಕೆಳಗೆ ಒಂಬತ್ತು ಜನರ ಹೆಸರು, ಮೂರು ಭಾಷೆಯವರೂ ಒಟ್ಟಿಗೆ, ಎದುರಿಗೆ ಹೊಸ ಜಾಗ: ಹಳೆಯ ಕಡತಗಳ ವಿಭಾಗ, ನೆಲಮಾಳಿಗೆ.

ಅವಳು ನೋಟೀಸನ್ನು ಮೂರು ಸಲ ಓದಿ ನೇರ ಸಾಹೇಬರ ಕೋಣೆಗೆ ಹೋದಳು. ಬಾಗಿಲಲ್ಲಿ ನಿಂತಾಗ ಬಾಯಿಗೆ ಬಂದದ್ದು ಇಷ್ಟು: “ಸಾರ್, ನಾನು ಪೈಥಾನ್ ಹಾಕಿದ್ದೆ.”

“ನೋಡಿದೆ ಮೇಡಂ. ತೊಂಬತ್ತೊಂದು. ಬಹಳ ಸಂತೋಷ.”

“ಜಾವಾಸ್ಕ್ರಿಪ್ಟ್ ಹಾಕಿದ್ರೆ…?”

“ಯಾವ್ದು ಹಾಕಿದ್ರೂ ಇಷ್ಟೇ ಆಗ್ತಿತ್ತು. ಅದು ಆಸಕ್ತಿ ಸಮೀಕ್ಷೆ ಅಲ್ವಾ. ಕಲಿತದ್ದು ಎಲ್ಲಿಗೂ ಹೋಗಲ್ಲ, ಬೇಜಾರು ಮಾಡ್ಕೋಬೇಡಿ.” ಆ ಮನುಷ್ಯನೂ ಕೆಟ್ಟವನಾಗಿರಲಿಲ್ಲ. ಅವರ ಮೇಜಿನ ಮೇಲಿದ್ದ ಕಾಗದದಲ್ಲಿ ಅವರ ಹೆಸರಿನ ಮುಂದೆಯೂ ಬೇರೊಂದು ವಿಭಾಗದ ಕಡೆಗೆ ತಿರುಗಿದ ಬಾಣದ ಗುರುತು ಇತ್ತು.

ಮುಂದಿನ ಸೋಮವಾರ ಕಂಪನಿಯಿಂದ ಇಬ್ಬರು ಬಂದರು: ಒಬ್ಬಳು ಉತ್ಸಾಹದ ಹುಡುಗಿ, ಇನ್ನೊಬ್ಬ ತಲೆಯೆತ್ತದೆ ಬರೆದುಕೊಳ್ಳುವವನು. ಹಳೆಯ ಚೀಟಿ ಏನೇನು ಮಾಡುತ್ತಿತ್ತು ಎಂದು ಪಟ್ಟಿ ಮಾಡಿಕೊಂಡು ತಮ್ಮ ವ್ಯವಸ್ಥೆಯಲ್ಲಿ ಹಾಕುವುದು ಅವರ ಕೆಲಸ. ಪಟ್ಟಿ ಆಗಲೇ ತಯಾರಾಗಿತ್ತು. ಇವಳು ಒಮ್ಮೆ ನೋಡಿ ಸಹಿ ಹಾಕಬೇಕಿತ್ತು. ಮೊದಲ ಸಾಲು ಓದಿ ಅವಳಿಗೆ ತಲೆಬುಡ ತಿಳಿಯಲಿಲ್ಲ.

“ಇದೇನಮ್ಮ, ಆಟೊಮ್ಯಾಟಿಕ್ ಟೆಸ್ಟ್ ಟಾಲರೆನ್ಸ್ ಎವಾಲ್ಯುಯೇಟರ್ ಅಂದ್ರೆ?”

“ನೀವೇ ಬರೆದದ್ದಲ್ವಾ ಮೇಡಂ? ಎ, ಟಿ, ಟಿ, ಇ. ಪೂರ್ತಿ ಹೆಸರು ಎಲ್ಲೂ ಸಿಗಲಿಲ್ಲ, ನಾವೇ ಬಿಡಿಸಿದ್ವಿ.”

“ಅದು ಅತ್ತೆ.”

“ಅತ್ತೆ ಅಂದ್ರೆ?”

“ಅತ್ತೆ ಅಂದ್ರೆ ಅತ್ತೆ ಕಣಮ್ಮ. ಗಂಡನ ತಾಯಿ.”

ಹುಡುಗಿ ಬಾಯಿ ಮುಚ್ಚಿಕೊಂಡು ನಕ್ಕಳು. ಬರೆಯುವವನೂ ಮೊದಲ ಸಲ ತಲೆಯೆತ್ತಿದ. ಅವರ ಮನೆಯಲ್ಲೂ ಆಡುವುದು ಇದೇ ಮಾತು. ಆದರೆ ದೊಡ್ಡಕ್ಷರದ ವೇಷ ಹಾಕಿ ಕಂಪ್ಯೂಟರಿನೊಳಗೆ ಕೂತಿದ್ದ ಅತ್ತೆಯನ್ನು ಇಬ್ಬರೂ ಗುರುತು ಹಿಡಿದಿರಲಿಲ್ಲ. “ಇರ್ಲಿ ಮೇಡಂ, ನಮ್ಮ ಹೆಸರೇ ಇರ್ಲಿ. ಮೇಲಿನವರಿಗೆ ಇಷ್ಟ ಆಗಿದೆ ಅದು,” ಎಂದಳು ಹುಡುಗಿ.

ವರದಿಯಮ್ಮನ ಬೆರಳು ಪಟ್ಟಿಯ ಕೆಳಗೆ ಇಳಿಯಿತು. ಭಾವನಿಗೂ ನಾದಿನಿಗೂ ಒಂದೊಂದು ಉದ್ದ ಹೆಸರು. ಕೊನೆಯಲ್ಲಿ ಎಂ, ಎ, ವಿ, ಎ. ಅದರ ಮುಂದೆ ಒಂದು ಪ್ರಶ್ನೆ ಚಿಹ್ನೆ. ಆಮೇಲೆ ‘ಅನಗತ್ಯ ವಿಳಂಬ, ತೆಗೆಯುವುದು’.

ಅವಳು ಆ ಸಾಲಿನ ಮೇಲೆ ಬೆರಳನ್ನು ಒತ್ತಿ ಹಿಡಿದಳು. “ಇವರನ್ನು ತೆಗೀಬೇಡಿ.”

“ಅದೇನೂ ಮಾಡ್ತಿಲ್ಲ ಮೇಡಂ. ಸುಮ್ನೆ ನಿದ್ದೆ. ಒಂದೊಂದು ವರದಿಗೆ ಐದು ನಿಮಿಷ ದಂಡ. ನಮ್ಮದು ನಲವತ್ತು ಸೆಕೆಂಡಲ್ಲಿ ಬರುತ್ತೆ.”

“ನಿದ್ದೆ ಅಂತ ಬರೆದಿರುತ್ತೆ, ನಿದ್ದೆ ಅಲ್ಲ ಅದು. ಎರಡನೇ ಕಂತು ಬರೋ ತನಕ ಕೂತಿರ್ತಾರೆ. ಎದ್ದರೆ ಪ್ಲೇಟ್‌ಲೆಟ್ ಲೆಕ್ಕ ಬಿಟ್ಟುಹೋಗುತ್ತೆ.”

“ಆ ಯಂತ್ರನೂ ಬದಲಾಗುತ್ತೆ ಅಂತ ಹೇಳಿದ್ದಾರೆ.”

“ಯಾವಾಗ?”

“ನಾವು ನೋಟ್ ಮಾಡ್ಕೊಳ್ತೀವಿ,” ಎಂದಳು ಹುಡುಗಿ. ಪಕ್ಕದವನ ಪೆನ್ನು ಅಲ್ಲಾಡಲಿಲ್ಲ. ವರದಿಯಮ್ಮ ಆ ಪೆನ್ನನ್ನೇ ನೋಡುತ್ತ ಕೂತಳು, ಈಗ ಬರೆದಾನು, ಈಗ ಬರೆದಾನು ಎಂದು. ಅವನು ಕ್ಯಾಪು ಹಾಕಿ ಜೇಬಿಗೆ ಸಿಕ್ಕಿಸಿಕೊಂಡ. ಪಟ್ಟಿಯ ಕೆಳಗೆ ಸಹಿ ಬೇಕಿತ್ತು. ಹಾಕದಿದ್ದರೆ ಏನಾಗುತ್ತದೆ ಎಂದು ಕೇಳಿದಳು. ಏನೂ ಆಗುವುದಿಲ್ಲ, ಸಾಹೇಬರು ಹಾಕುತ್ತಾರೆ ಎಂದರು. ಹಾಕಿದಳು.

ನೆಲಮಾಳಿಗೆಯಲ್ಲಿ ಗೋಡೆಗಳು ತಣ್ಣಗೆ. ನಡುವೆ ನೀರಿನ ಪೈಪು ಹಾದುಹೋಗಿತ್ತು. ಮೇಲೆ ಯಾರಾದರೂ ನಲ್ಲಿ ಬಿಟ್ಟಾಗಲೆಲ್ಲ ತಲೆಯ ಮೇಲೆ ಗೊಳಗೊಳ. ವಾರ್ಡಿನಿಂದ ಬಂದ ವರದಿ ಹಾಳೆಗಳನ್ನು ತಾರೀಕಿನಂತೆ ಜೋಡಿಸಿ ತೂತು ಹಾಕಿ ದಾರ ಕಟ್ಟುವುದು ಕೆಲಸ. ಹೊಸ ವ್ಯವಸ್ಥೆಯ ಹಾಳೆಗಳು ಬರತೊಡಗಿದ ಮೊದಲ ದಿನವೇ ಅವಳು ನೋಡಿದಳು. ಹೊಳೆಯುವ ಕಾಗದ, ಬಣ್ಣದ ಅಂಚು, ಪ್ಲೇಟ್‌ಲೆಟ್ ಅಂಕಿ ಬೀಳಬೇಕಾದ ಚೌಕದ ಮನೆ ಖಾಲಿ. ಮುಂದಿನದು ನೋಡಿದಳು, ಖಾಲಿ. ಮೂವತ್ತು ಹಾಳೆ ತಿರುವಿದಳು. ಓಡಿಹೋಗಿ ಮೇಲಕ್ಕೆ ಫೋನು ಮಾಡಿದರೆ ಒಂದು ದನಿ ವಿನಯದಿಂದ ಹೇಳಿತು: “ನಿಮ್ಮ ದೂರು ದಾಖಲಾಗಿದೆ. ದೂರಿನ ಸಂಖ್ಯೆ ಮುನ್ನೂರ ಹದಿನೆಂಟು.” ಮರುದಿನ ಮತ್ತೆ ಮಾಡಿದಾಗ ಮುನ್ನೂರ ನಲವತ್ತು. ಡಾಕ್ಟರುಗಳು ಖಾಲಿ ಮನೆ ಕಂಡು ಮತ್ತೊಮ್ಮೆ ರಕ್ತ ತೆಗೆಯಿರಿ ಎಂದು ಬರೆಯುತ್ತಿದ್ದರು. ಒಬ್ಬರದೇ ಹೆಸರಿನ ಹಾಳೆಗಳು ಎರಡು, ಮೂರು ಬಂದು ಅವಳ ಮೇಜಿನ ಮೇಲೆ ಬೀಳುತ್ತಿದ್ದವು. ಅವಳು ತಾರೀಕಿನಂತೆ ಜೋಡಿಸಿ ದಾರ ಕಟ್ಟುತ್ತಿದ್ದಳು.

ಅತ್ತೆಗೆ ವರ್ಷಕ್ಕೆ ಎರಡು ಸಲ ರಕ್ತ ನೋಡಿಸಬೇಕಿತ್ತು. ಆ ತಿಂಗಳು ಅದೂ ಬಂತು. ಸಂಜೆ ಮನೆಯಲ್ಲಿ ಅತ್ತೆ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆರಳಿಟ್ಟುಕೊಂಡು ಸಾಲು ಸಾಲಾಗಿ ಇಳಿದರು. ಓದಲು ಬಾರದಿದ್ದರೂ ಅಂಕಿ ಅವರಿಗೆ ಬರುತ್ತಿತ್ತು. ಇಷ್ಟು ವರ್ಷ ಸೊಸೆ ತಂದುಕೊಟ್ಟ ಹಾಳೆಗಳಲ್ಲಿ ಎಲ್ಲಿ ಏನಿರುತ್ತದೆ ಎಂದು ಬಾಯಿಪಾಠವಾಗಿತ್ತು.

“ಏನೇ, ಇಲ್ಲೊಂದು ಮನೆ ಖಾಲಿ ಬಿಟ್ಟಿದ್ದಾರಲ್ಲ.”

“ಅದು ಬರೋಕೆ ಸ್ವಲ್ಪ ಹೊತ್ತು ಹಿಡಿಯುತ್ತೆ ಅತ್ತೆ. ಯಾರಾದ್ರೂ ಕಾಯ್ಬೇಕು.”

“ಮತ್ತೆ ಕಾಯೋದಕ್ಕೆ ಏನಾಗಿತ್ತು ಅವರಿಗೆ?”

“ಮಾವ ಇಲ್ಲವಲ್ಲ ಅತ್ತೆ ಈಗ.”

ಅತ್ತೆ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಹೊಸಿಲ ಕಡೆ ನೋಡಿದರು. ಅಲ್ಲಿ ಆ ಸ್ಟೂಲು ಈಗಲೂ ಇತ್ತು, ಮೇಲೆ ನೀರಿನ ಕೊಡ. “ಅದು ನನಗೆ ಗೊತ್ತಿಲ್ವೇನೇ,” ಎಂದರು.

ಬೆಳಿಗ್ಗೆ ಇಬ್ಬರೂ ಮತ್ತೆ ಹೋದರು. ಬಲಗೈಯಲ್ಲಿ ಹಿಂದಿನ ದಿನದ ಸೂಜಿಯ ಜಾಗ ನೇರಳೆಯಾಗಿತ್ತು, ಎಡಗೈಯಿಂದ ತೆಗೆದರು. ನಲವತ್ತು ಸೆಕೆಂಡಿನ ಮೇಲೆ ಪರದೆಯಲ್ಲಿ ನಂಬರು ಹೊಳೆಯಿತು. ವರದಿಯಮ್ಮ ಓಣಿಯ ಕೊನೆಗೆ ನಡೆದು, ಸಣ್ಣ ಕಿಟಕಿಯ ಹೊರಗೆ ನಿಂತು, ಒಳಗೆ ಕೈ ಚಾಚಿದಳು. ಒಳಗಿನಿಂದ ಬೆಚ್ಚಗಿನ ಗಾಳಿ ಮುಟ್ಟಿತು. ಕೈಗೆ ಹಾಳೆ ಬಂತು. ಆ ಮನೆ ಇವತ್ತೂ ಖಾಲಿ.

ಬೆಂಚಿನ ಮೇಲೆ ಕೂತಿದ್ದ ಅತ್ತೆ ಅವಳ ಮುಖ ನೋಡಿದರು, ಹಾಳೆ ಕೇಳಲಿಲ್ಲ. ಬಲಗೈಯ ರವಿಕೆ ತೋಳನ್ನು ಮತ್ತೆ ಮೇಲಕ್ಕೆ ಮಡಚಿಕೊಳ್ಳುತ್ತ ಪಕ್ಕಕ್ಕೆ ಸರಿದು ಜಾಗ ಮಾಡಿದರು.

“ಬಾ, ಕೂತ್ಕೋ. ಅವರು ಇದ್ದಿದ್ರೆ ಇಷ್ಟು ಹೊತ್ತಿಗೆ ಎರಡು ನಿದ್ದೆ ತೆಗೆದಿರ್ತಿದ್ರು.”